ಮೂವತ್ತೊಂದಕ್ಕೇ ನಿಂತ ಫಾರ್ಮ್

16 ನವೆಂಬರ್ 2025, ಭಾನುವಾರ

ನಿನ್ನೆ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಶಿಕ್ಷಕರ ಸಮಾಲೋಚನಾ ಸಭೆಗೆ ಹೋಗಿದ್ದೆ. ಹಿಂದಿನ ದಿನದ ಮಕ್ಕಳ ದಿನಾಚರಣೆಯ ಬಲೂನುಗಳು ಅರ್ಧ ಗಾಳಿ ಹೋಗಿ ಇನ್ನೂ ತೊಲೆಗೆ ನೇತಾಡ್ತಿದ್ದವು. ಕ್ಲಸ್ಟರ್ ನೋಡಿಕೊಳ್ಳೋ ಸಿಆರ್‌ಪಿ ಸರ್ "ಈ ಮೇಡಂ ಎಂ.ಎಡ್. ಮಾಡ್ತಿದ್ದಾರೆ, ಏನೋ ಮಾಹಿತಿ ಬೇಕಂತೆ" ಅಂತ ಹೇಳಿ ಕೂತುಬಿಟ್ಟರು. ನಾನು ನನ್ನ ಪ್ರಬಂಧದ (ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕಲಿಕಾ ವಿಧಾನದ ಬಗ್ಗೆ) ಪ್ರಶ್ನೆಗಳ ಹಾಳೆ ಹಂಚುತ್ತಾ ಹೋದೆ. ಮುಂದಿನ ಸಾಲಿನ ಹಿರಿಯ ಶಿಕ್ಷಕಿಯೊಬ್ಬರು ಕನ್ನಡಕ ಏರಿಸಿ, ಹಾಳೆಯನ್ನು ಹಿಂದೆ ಮುಂದೆ ತಿರುವಿ, "ಸೆಪ್ಟೆಂಬರಲ್ಲಿ ಗ್ರೂಪಿಗೆ ಹಾಕಿದ್ದು ನೀವೇನಾ? ಅದರಲ್ಲಿ ಎಷ್ಟು ಪ್ರಶ್ನೆ ಇತ್ತು?" ಅಂದರು. ಐವತ್ತೆಂಟು ಅಂದೆ.

"ಸರ್ಕಾರದ್ದು 60, ನಿಮ್ಮದು 58. ಎರಡು ಕಮ್ಮಿ. ಪರವಾಗಿಲ್ಲ."

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನಾನು ಗೂಗಲ್ ಫಾರ್ಮಿನ ಲಿಂಕ್ ಕಳಿಸಿದ್ದು ಸೆಪ್ಟೆಂಬರ್ 24ಕ್ಕೆ. ದಸರಾ ರಜೆ, ಮೇಷ್ಟ್ರುಗಳಿಗೆ ಬಿಡುವಿರುತ್ತೆ ಅನ್ನೋದು ನನ್ನ ಲೆಕ್ಕ. ಅದಕ್ಕೆ ಎರಡು ದಿನ ಮುಂಚೆ, 22ಕ್ಕೆ, ಸರ್ಕಾರದ 60 ಪ್ರಶ್ನೆಗಳ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಗಿ ಅವರೆಲ್ಲ ಮೊಬೈಲ್ ಹಿಡಿದು ಬೀದಿಗಿಳಿದಿದ್ದರು. ಪೇಪರ್ ಓದೋಳು ನಾನು, ಇದು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಗೊತ್ತಿತ್ತು, ಜೋಡಿಸಿ ನೋಡಲಿಲ್ಲ ಅಷ್ಟೆ. ಸಮೀಕ್ಷೆಗೆಂದು ಕರೆಂಟ್ ಮೀಟರ್ ಓದೋರು ಅಂಟಿಸಿದ್ದ ಸ್ಟಿಕ್ಕರ್ ಇದ್ದ ಮನೆ ಹುಡುಕು, ಓಟಿಪಿ ಕೇಳು, ಸರ್ವರ್ ಬರೋವರೆಗೆ ಜಗಲಿ ಮೇಲೆ ಕಾಯಿ. ಮಾಹಿತಿ ಕೊಡೋದು ಸ್ವಯಂಪ್ರೇರಿತ, ಬಲವಂತ ಇಲ್ಲ ಅಂತ 25ಕ್ಕೆ ಹೈಕೋರ್ಟ್ ಹೇಳಿದ ಮೇಲೆ ಕೆಲವು ಮನೆಗಳಲ್ಲಿ ಬಾಗಿಲಲ್ಲೇ ಮಾತು ಮುಗೀತಿತ್ತಂತೆ. ಸಂಜೆ ಕಾಲು ನೀವಿಕೊಂಡು ಫೋನ್ ತೆಗೆದರೆ ನನ್ನ ಸಂದೇಶ: "ದಯವಿಟ್ಟು 20 ನಿಮಿಷ ಬಿಡುವು ಮಾಡಿಕೊಳ್ಳಿ." ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋಯ್ತು, ರಜೆಯಲ್ಲ ಅದು. ನಾನು ಆ ಅವಧಿಯಲ್ಲಿ ಮೂರು ಸಲ ನೆನಪೋಲೆ ಹಾಕಿದ್ದೇನೆ. ಒಂದರಲ್ಲಿ ಕೈಮುಗಿಯೋ ಇಮೋಜಿ ನಾಲ್ಕು.

ತಾಲ್ಲೂಕಿನಲ್ಲಿ ನಲಿ-ಕಲಿ ತರಗತಿ ತಗೊಳ್ಳೋ ಶಿಕ್ಷಕರು 240. ಎಷ್ಟು ಜನರನ್ನು ಕೇಳಬೇಕು ಅಂತ ಹೇಳೋ ಯಮಾನೆ ಸೂತ್ರಕ್ಕೆ ಹಾಕಿದರೆ ಶೇಕಡ 5ರ ದೋಷಮಿತಿಗೆ 150 ಜನ ಬೇಕು. ಬಂದದ್ದು 31. ಅಕ್ಟೋಬರ್ ಪೂರ್ತಿ ಬೆಳಿಗ್ಗೆ ಎದ್ದು ಮೊದಲು ನೋಡ್ತಿದ್ದದ್ದು ಆ ಸಂಖ್ಯೆಯನ್ನೇ.

ಹಾಸ್ಟೆಲಿನಲ್ಲಿ ಇದಕ್ಕೆ ಸಿದ್ಧೌಷಧ ಇದೆ. ಊಟ ಆದ ಮೇಲೆ ನಾಲ್ಕು ಜನ ಕೂತು, ನಾಲ್ಕು ಬಣ್ಣದ ಪೆನ್ನು ಹಿಡಿದು, ಒಂದೇ ರಾತ್ರಿಯಲ್ಲಿ ನೂರು ಪ್ರಶ್ನಾವಳಿ "ತುಂಬಿಸಿ" ಕೊಡೋದು. ಸೀನಿಯರ್ ಒಬ್ಬರು ಕಾಳಜಿಯಿಂದಲೇ ಹೇಳಿದರು: ಎಲ್ಲದಕ್ಕೂ 'ಸಂಪೂರ್ಣ ಒಪ್ಪುತ್ತೇನೆ' ಹಾಕಬೇಡ, ಮಧ್ಯೆ ಮಧ್ಯೆ 'ತಟಸ್ಥ' ಹಾಕು, ಕೈಸ್ಕ್ವೇರ್ (ಸಂಖ್ಯಾಶಾಸ್ತ್ರದ ಒಂದು ಪರೀಕ್ಷೆ) ಚೆನ್ನಾಗಿ ಬರುತ್ತೆ. ಹತ್ತು ನಿಮಿಷ ನಾನು ನಿಜವಾಗಿಯೂ ಯೋಚಿಸಿದೆ. ಬ್ಲಾಗಲ್ಲಿ ಬರೀತಿದ್ದೇನೆ ಅಂತ ಇದನ್ನು ಮುಚ್ಚಿಡಲ್ಲ. ಬಿಟ್ಟದ್ದು ದೊಡ್ಡ ಆದರ್ಶದಿಂದಲ್ಲ. ಬಂದ 31 ಉತ್ತರಗಳನ್ನು ಅವತ್ತು ಮೊದಲ ಸಲ ಸರಿಯಾಗಿ ಓದಿದೆ, ಅದೇ ಕಾರಣ.

31ರಲ್ಲಿ 27 ಪಟ್ಟಣ ಮತ್ತು ಹೋಬಳಿ ಕೇಂದ್ರದ ಶಾಲೆಗಳವು. ಏಕೋಪಾಧ್ಯಾಯ ಶಾಲೆಯದು ಒಂದೂ ಇಲ್ಲ. "ಐದೂ ತಟ್ಟೆಗಳಲ್ಲಿ ಚಟುವಟಿಕೆ ನಡೆಯುತ್ತದೆಯೇ?" ಅನ್ನೋ ಪ್ರಶ್ನೆಗೆ 29 ಜನ "ಪ್ರತಿದಿನ" ಅಂದಿದ್ದಾರೆ. (ನಲಿ-ಕಲಿ ಗೊತ್ತಿಲ್ಲದವರಿಗೆ: ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಪೂರ್ತಿ ಶಿಕ್ಷಕರ ಸಹಾಯದಿಂದ ಹಿಡಿದು ಸ್ವಕಲಿಕೆಯವರೆಗೆ ಐದು ಗುಂಪಾಗಿ ಕಾರ್ಡು ಹಿಡಿದು ಕಲಿಯೋದು. ಆ ಗುಂಪುಗಳಿಗೆ ತಟ್ಟೆ ಅಂತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು.) ತಾಲ್ಲೂಕು ಇಷ್ಟು ಸುಭಿಕ್ಷವಾಗಿದ್ದರೆ ನಾನು ಪ್ರಬಂಧ ಬರೆಯೋದೇ ಬೇಡ.

ತಪ್ಪು ಎಲ್ಲಿ ಅಂತ ಫಾರ್ಮನ್ನು ಮತ್ತೆ ತೆರೆದೆ. ಎರಡನೇ ಪ್ರಶ್ನೆಯಲ್ಲೇ ಕೂತಿತ್ತು: ಶಾಲೆಯ ಡೈಸ್ ಕೋಡ್, ಅಂದರೆ ಪ್ರತಿ ಶಾಲೆಗೂ ಇರೋ ಸರ್ಕಾರಿ ಗುರುತಿನ ಸಂಖ್ಯೆ. ಮೇಲೆ ದಪ್ಪಕ್ಷರದಲ್ಲಿ "ನಿಮ್ಮ ಗುರುತು ಗೌಪ್ಯವಾಗಿರುತ್ತದೆ" ಅಂತ ಬರೆದು, ಕೆಳಗೆ ಡೈಸ್ ಕೋಡ್ ಕೇಳಿದ್ದೇನೆ. ಇಬ್ಬರೇ ಶಿಕ್ಷಕರಿರೋ ಶಾಲೆಯಲ್ಲಿ ಕೋಡ್ ಅಂದರೆ ಹೆಸರೇ ತಾನೆ. ಜೊತೆಗೆ ಒಬ್ಬರು ಒಂದೇ ಸಲ ತುಂಬಲಿ ಅಂತ ಆಯ್ಕೆ ಒತ್ತಿದ್ದರಿಂದ ಗೂಗಲ್ ಖಾತೆಗೆ ಲಾಗಿನ್ ಆಗದೆ ಫಾರ್ಮೇ ತೆರೆಯಲ್ಲ. ಮೇಷ್ಟ್ರ ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಬೆಂಗಳೂರಲ್ಲಿದ್ದಾನೆ. ಉತ್ತರ ಬರದಿದ್ದದ್ದು ಶಿಕ್ಷಕರ ಅಸಡ್ಡೆ ಅಂತ ಒಂದು ತಿಂಗಳು ಗೊಣಗಿದ್ದೆ.

ಗೈಡ್ ಹತ್ತಿರ ಹೋದೆ. ಅವರು 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಥೆ ತೆಗೆದರು, ಎಲ್ಲ ರಿಸರ್ಚ್ ಮೆಥಡಾಲಜಿ ಕ್ಲಾಸಲ್ಲೂ ಹೇಳೋದೇ: ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಓಟು ಅಂತ ಕೇಳೋ ಸುಮಾರು 1 ಕೋಟಿ ಮಾದರಿ ಮತಪತ್ರ ಅಂಚೆಗೆ ಹಾಕಿತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು, ಲ್ಯಾಂಡನ್ ಗೆಲ್ತಾರೆ ಅಂತ ಬರೆಯಿತು, ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪರೀಕ್ಷೆಗೆ ಉರು ಹೊಡೆದಿದ್ದ ಕಥೆ. "20 ಲಕ್ಷ ಬಂದರೂ ಮುಳುಗಿದರು. ನಿನ್ನ 150ರ ಚಿಂತೆ ಆಮೇಲೆ. ಬರೆಯದೇ ಇರೋರು ಯಾರು, ಅದು ಹೇಳು" ಅಂದರು.

ಅದಕ್ಕೇ ನಿನ್ನೆಯ ಹಾಳೆ. 14 ಪ್ರಶ್ನೆ, ಎರಡು ಪುಟ, ಹೆಸರಿಲ್ಲ, ಕೋಡ್ ಇಲ್ಲ, ಮೂಲೆಯಲ್ಲಿ ಒಂದು ಮುಚ್ಚಿದ ರಟ್ಟಿನ ಡಬ್ಬ. 46 ಹಂಚಿದೆ, 38 ಡಬ್ಬಕ್ಕೆ ಬಿದ್ದವು. ಮೂವರು ಫಾರ್ಮನ್ನೂ ತುಂಬಿದ್ದೆವು ಅಂತ ಗುರುತು ಹಾಕಿದ್ದಾರೆ. ಅದೇ ತಟ್ಟೆ ಪ್ರಶ್ನೆಗೆ "ಪ್ರತಿದಿನ" ಅಂದವರು ಈ ಸಲ ಬರೀ 9. ಒಬ್ಬರು ಅಂಚಿನಲ್ಲಿ ಬರೆದಿದ್ದರು: "ನಮ್ಮಲ್ಲಿ ತಪ್ಪದೆ ನಡೆಯುವುದು ಊಟದ ತಟ್ಟೆ ಮಾತ್ರ." ಬಸ್ಸಿನಲ್ಲಿ ಇದನ್ನು ಓದಿ ಜೋರಾಗಿ ನಕ್ಕು ಪಕ್ಕದವರಿಂದ ನೋಡಿಸಿಕೊಂಡೆ.

31 ಮತ್ತು 38 ಕೂಡಿಸಿ 69 ಅಂತ ಬರೆಯೋಕೆ ಕೈ ಬರ್ತಿಲ್ಲ. ಮೂರು ಕಳೆದು 66 ಅಂದರೂ ಅಷ್ಟೆ. ಗುರುತು ಕೊಟ್ಟು ಹೇಳಿದ ಮಾತು, ಗುರುತಿಲ್ಲದೆ ಹೇಳಿದ ಮಾತು ಒಂದೇ ಕೋಷ್ಟಕದಲ್ಲಿ ಹೇಗೆ ಕೂರುತ್ತೆ? ಬೇರೆ ಬೇರೆ ಕಾಲಮ್ಮೇ ಇರಲಿ. ಪರೀಕ್ಷಕರು ಕೇಳಿದರೆ ಕೇಳಲಿ.

ಇನ್ನು ಉಳಿದದ್ದು ದೂರದ ಶಾಲೆಗಳು. 1946ರಲ್ಲೇ ಹ್ಯಾನ್ಸೆನ್, ಹರ್ವಿಟ್ಜ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ದಾರಿ ಹೇಳಿಟ್ಟಿದ್ದಾರೆ: ಅಂಚೆಗೆ ಉತ್ತರಿಸದವರಲ್ಲಿ ಕೆಲವರನ್ನು ಲಾಟರಿಯಲ್ಲಿ ಎತ್ತಿ, ನೀನೇ ಹೋಗಿ ಕೇಳು, ಆ ಕೆಲವರ ಉತ್ತರವನ್ನು ಮೌನವಾಗಿದ್ದ ಅಷ್ಟೂ ಜನರ ತೂಕಕ್ಕೆ ಲೆಕ್ಕ ಹಿಡಿ. ಯಾವ ಶಾಲೆಯಿಂದ ಉತ್ತರ ಬಂದಿಲ್ಲ ಅಂತ ಗೊತ್ತಾಗೋಕೆ ಈಗ ಸಹಾಯಕ್ಕೆ ಬಂದದ್ದು ಅದೇ ಡೈಸ್ ಕೋಡ್. ಇದರಿಂದ ಒಂಥರಾ ಮುಜುಗರವೂ ಆಗ್ತಿದೆ.

ಮಧ್ಯಾಹ್ನ ಸಕ್ಕರೆ ಡಬ್ಬಿಯಲ್ಲಿ ಚೀಟಿ ಹಾಕಿ, ರೂಮ್‌ಮೇಟ್ ಕೈಲಿ 20 ಎತ್ತಿಸಿದೆ. ಮೊದಲನೇದೇ ಕಾಡಂಚಿನ ಏಕೋಪಾಧ್ಯಾಯ ಶಾಲೆ. ಬೆಳಿಗ್ಗೆ 7ಕ್ಕೆ ಒಂದು ಬಸ್ಸು, ವಾಪಸ್ ಮಧ್ಯಾಹ್ನ 3ಕ್ಕೆ. ಅಲ್ಲಿನ ಮೇಷ್ಟ್ರಿಗೆ ಫೋನ್ ಮಾಡಿ ಹಿಂಜರಿಯುತ್ತಲೇ ಕೇಳಿದೆ, ನಾಳೆ ಬರಲಾ ಅಂತ.

"ಬನ್ನಿ ಮೇಡಂ. ಆದ್ರೆ ನಾಳೆ ಮೊಟ್ಟೆ ತರೋಕೆ ನಾನು ಹೋಬಳಿಗೆ ಹೋಗ್ಬೇಕು. ಬರೋವರೆಗೆ ಮಕ್ಕಳನ್ನ ನೀವೇ ನೋಡ್ಕೋತೀರಾ?"

ಹೂಂ ಅಂದಿದ್ದೇನೆ. ಐದು ತಟ್ಟೆ ನಾನೇ ನಡೆಸಬೇಕು. ಅಲಾರಾಂ 5:30ಕ್ಕೆ.