ಇನ್ನೊಂದ್ಸಲ ಜಿಆರ್‌ಇ ಯಾಕೆ ಬರೆಯಲಿಲ್ಲ?

"ಜಿಆರ್‌ಇ ಸುಮ್ನೆ ಇನ್ನೊಂದ್ಸಲ ಬರೆದಿದ್ರೆ ಆಗ್ತಿತ್ತಲ್ವಾ?" ನಾನು ಎಂಎಸ್‌ಗೆ, ಅಂದರೆ ಸ್ನಾತಕೋತ್ತರ ಓದಿಗೆ, ಅರ್ಜಿ ಹಾಕಿದ್ದು ಗೊತ್ತಿರುವವರೆಲ್ಲ ಇದನ್ನೇ ಕೇಳುತ್ತಾರೆ. ಜಿಆರ್‌ಇ ಅಂದರೆ ಅಂಥ ಓದಿಗೆ ಹಲವು ವಿದೇಶಿ ವಿಶ್ವವಿದ್ಯಾಲಯಗಳು ನೋಡುವ ಪ್ರವೇಶ ಪರೀಕ್ಷೆ. ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತಿದ್ದೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಿಯಮ ನನಗೂ ಗೊತ್ತು. 21 ದಿನ ಬಿಟ್ಟು ಮತ್ತೆ ಬರೆಯಬಹುದು, 12 ತಿಂಗಳಲ್ಲಿ 5 ಸಲದ ತನಕ. ಪ್ರತಿ ಸಲವೂ ಪೂರ್ತಿ ಶುಲ್ಕ. ಆ "ಸುಮ್ನೆ" ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

"ಈಗ ಪರೀಕ್ಷೆ ಚಿಕ್ಕದಾಗಿದೆ, ಸುಲಭ" ಅನ್ನುವವರೂ ಇದ್ದಾರೆ. 2023ರ ಸೆಪ್ಟೆಂಬರ್‌ನಿಂದ ಅದು 1 ಗಂಟೆ 58 ನಿಮಿಷದ್ದು, ನಿಜ. ಆದರೆ ಪ್ರಶ್ನೆಗಳೂ ಕಮ್ಮಿಯಾದವು. ವರ್ಬಲ್‌ನ, ಅಂದರೆ ಇಂಗ್ಲಿಷ್ ಭಾಷೆಯ ವಿಭಾಗದ, ಮೊದಲ ಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷ, ಮುಂಚೆಯೂ ಅಷ್ಟೇ ಇತ್ತು. ಓಟ ಹಾಗೇ ಇದೆ.

ಓದಿರಲಿಲ್ಲ ಅಂದುಕೊಳ್ಳಬೇಡಿ. ನಾಲ್ಕು ತಿಂಗಳು ಪದಗಳ ಚೀಟಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ಕೆಲವು ಪ್ರಶ್ನೆಗಳಲ್ಲಿ ಮೂರು ಖಾಲಿ ಜಾಗ ತುಂಬಬೇಕು. ಎರಡು ಸರಿಯಾಗಿ ಒಂದು ತಪ್ಪಿದರೆ ಸೊನ್ನೆ. ಮೂರೂ ತಪ್ಪಿದವರಿಗೂ ಅದೇ ಸೊನ್ನೆ. ಇದು ಯಾವ ನ್ಯಾಯ?

ಕೊನೆಗೆ ಪರದೆ ಮೇಲೆ ಎರಡು ಆಯ್ಕೆ ಬಂತು: ಅಂಕ ಇಟ್ಟುಕೊಳ್ಳಬೇಕಾ, ರದ್ದು ಮಾಡಬೇಕಾ? ಎಷ್ಟು ಬಂದಿದೆ ಅಂತ ತೋರಿಸುವ ಮೊದಲೇ ಇದನ್ನು ಕೇಳುತ್ತಾರೆ. ರದ್ದು ಮಾಡಿದರೆ ಅಂಕ ಕಾಣುವುದೇ ಇಲ್ಲ. ಮೌಸ್ ಹಿಡಿದ ಕೈ ಒದ್ದೆಯಾಗಿತ್ತು. ಇಟ್ಟುಕೊಳ್ಳುತ್ತೇನೆ ಅಂತ ಒತ್ತಿದೆ. ವರ್ಬಲ್ 149. 130ರಿಂದ 170ರ ತನಕದ ಲೆಕ್ಕದಲ್ಲಿ ಅದು ಎಲ್ಲಿ ನಿಲ್ಲುತ್ತದೆ ಅಂತ ನೀವೇ ನೋಡಿಕೊಳ್ಳಿ.

ಮತ್ತೆ ಅಷ್ಟೇ ದುಡ್ಡು, ಅಷ್ಟೇ ತಿಂಗಳು ಅದಕ್ಕೇ ಸುರಿಯೋಕೆ ಮನಸ್ಸಾಗಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಏನು ಓದೋಕೆ ಹೊರಟಿದ್ದೆ ಅಂತ ಒಬ್ಬರಾದರೂ ಕೇಳಿದ್ದೀರಾ? ಅಂತರ್ಜಲ. ಡಿಗ್ರಿ ಪ್ರಾಜೆಕ್ಟ್‌ಗೆ ಹನ್ನೊಂದು ಬಾವಿಗಳ ನೀರಿನ ಮಟ್ಟ ಅಳೆಯುತ್ತಿದ್ದೆ. ಬೇಸಿಗೆಯಲ್ಲಿ ಹತ್ತರಲ್ಲಿ ನೀರು ಇಳಿಯಿತು, ಒಂದರಲ್ಲಿ ಏರಿತು. ಅಳತೆ ತಪ್ಪಿರಬೇಕು, ಆ ಬಾವಿಯನ್ನೇ ಬಿಟ್ಟುಬಿಡು ಅಂದರು ಎಲ್ಲರೂ. ಬಿಡಲಿಲ್ಲ. ಹಗ್ಗ ಬದಲಿಸಿ ಅಳೆದೆ, ಬೆಳಿಗ್ಗೆ ಅಳೆದೆ, ರಾತ್ರಿ ಟಾರ್ಚ್ ಹಿಡಿದು ಅಳೆದೆ. ಆರು ವಾರ ಹಿಡಿಯಿತು. ಪಕ್ಕದಲ್ಲೇ ಮಣ್ಣಿನಡಿ ಕುಡಿಯುವ ನೀರಿನ ಪೈಪ್ ಒಡೆದಿತ್ತು. ಅದು ಸೋರಿ ಸೋರಿ ಬಾವಿಗೆ ಇಳಿಯುತ್ತಿತ್ತು. ನನಗೆ ಬರುವ ಕೆಲಸ ಇಂಥದ್ದು. ಇದಕ್ಕೆ ಒಂದೂವರೆ ನಿಮಿಷ ಸಾಲದು.

ಪೈಪ್ ರಿಪೇರಿಯಾದ ಒಂಬತ್ತನೇ ದಿನ ಆ ಬಾವಿಯಲ್ಲೂ ನೀರು ಇಳಿಯತೊಡಗಿತು. ಗ್ರಾಫ್ ಇನ್ನೂ ನನ್ನ ಹತ್ತಿರ ಇದೆ. ನೋಡಬೇಕು ಅನ್ನಿಸಿದರೆ ಹೇಳಿ, ಅದನ್ನೂ ಕಳಿಸುತ್ತೇನೆ.