ಅರ್ಮೇನಿಯನ್ ಹೆಸರುಗಳ ಕಡತದಲ್ಲಿ ‘ಕೆನ್’ ಅಕ್ಷರ

ಪರದೇಶದ ವ್ಯಕ್ತಿನಾಮಗಳನ್ನು ಕನ್ನಡ ಲಿಪಿಗೆ ತರುವ ನನ್ನ ಕೆಲಸದಲ್ಲಿ, ಅರ್ಮೇನಿಯನ್ ವರ್ಣಮಾಲೆಯ 15ನೆಯ ಅಕ್ಷರವಾದ ‘ಕೆನ್’ ಬೇಡುವಷ್ಟು ವಿಚಾರಣೆಯನ್ನು ಬೇರಾವ ಅಕ್ಷರವೂ ಬೇಡುವುದಿಲ್ಲ. ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಾಷ್ಟೋಟ್ಸ್ ರೂಪಿಸಿದ 36 ಅಕ್ಷರಗಳಲ್ಲಿ ಕವರ್ಗಕ್ಕೆ ಹೊಂದುವವು ಮೂರು: ಗಿಮ್, ಕೆನ್ ಮತ್ತು ಕಟ್ಟಕಡೆಯ ಕೆ. ಅರ್ಮೇನಿಯಾದ ರಾಜಧಾನಿ ಯೆರೆವಾನಿನ ಪೂರ್ವ ಅರ್ಮೇನಿಯನ್ನಿನಲ್ಲಿ ಇವು ಕ್ರಮವಾಗಿ ನಮ್ಮ ಗ, ಕ ಮತ್ತು ಖ.

ಇಂಗ್ಲಿಷ್ ಪತ್ರಿಕೆಗಳು ಕೊನೆಯ ಎರಡನ್ನೂ ಒಂದೇ ಅಕ್ಷರದಿಂದ ಬರೆಯುವುದರಿಂದ, ಮಾಜಿ ಅಧ್ಯಕ್ಷ ಕೊಚಾರ್ಯಾನ್ ಅವರ ಹೆಸರು ‘ಕೆ’ಯಿಂದಲೂ ಮಾಜಿ ಪ್ರಧಾನಿ ಕರಪೆಟ್ಯಾನ್ ಅವರದು ‘ಕೆನ್’ನಿಂದಲೂ ಆರಂಭವಾಗುತ್ತವೆಂಬುದು ಮರೆಯಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಬೇರೆಬೇರೆಯಾಗಿ ಬರೆಯುವ ನಮಗೆ ಇದು ಸಲೀಸಾಗಬೇಕಿತ್ತು. ಆದರೆ ಸಂಗೀತಕಾರ ಖಚತುರ್ಯಾನ್ ಹೆಸರಿನ ಗಂಟಲಿನ ಘರ್ಷಧ್ವನಿಗೆ ‘ಖ’ವನ್ನು ಆಗಲೇ ಕೊಟ್ಟಾಗಿದೆ. ಎರಡಕ್ಕೂ ಅದನ್ನೇ ಬಳಸಿದರೆ ಗೊಂದಲ, ಕೆಳಗೆ ಚುಕ್ಕಿ ಇಟ್ಟರೆ ಓದುಗನಿಗೆ ತೊಡಕು. ಆದಕಾರಣ ‘ಕೊಚಾರ್ಯಾನ್’ ಎಂದೇ ಬರೆದು, ಮೂಲಾಕ್ಷರವನ್ನು ಕಡತದಲ್ಲಿ ನಮೂದಿಸುವುದನ್ನು ನಾನು ಇಷ್ಟಪಡುತ್ತೇನೆ.

ನಿಜವಾದ ಕಗ್ಗಂಟು ಇರುವುದು ಪಶ್ಚಿಮ ಅರ್ಮೇನಿಯನ್ನಿನಲ್ಲಿ. ಇಸ್ತಾಂಬುಲ್, ಬೈರೂತ್, ಅಲೆಪ್ಪೊಗಳಲ್ಲಿ ಉಳಿದುಬಂದಿರುವ ಈ ನುಡಿಯಲ್ಲಿ ಕೆನ್ ‘ಗ’ ಆಗುತ್ತದೆ, ಗಿಮ್ ಮಹಾಪ್ರಾಣದ ಕಕಾರವಾಗುತ್ತದೆ. ಅಕ್ಷರಗಳ ಹೆಸರುಗಳೇ ಗೆನ್, ಕಿಮ್ ಎಂದು ಬದಲಾಗುತ್ತವೆ. ಯೆರೆವಾನಿನ ಕರಪೆಟ್ ಬೈರೂತಿನಲ್ಲಿ ಗರಬೆಡ್, ಯೆರೆವಾನಿನ ಗ್ರಿಗೋರ್ ಬೈರೂತಿನಲ್ಲಿ ಕ್ರಿಕೋರ್. ಇಸ್ತಾಂಬುಲಿನ ಉಸ್ಕುದಾರಿನಲ್ಲಿ 1869ರಲ್ಲಿ ಹುಟ್ಟಿದ ತೈಲೋದ್ಯಮಿ ಕಲುಸ್ಟ್ ಗುಲ್ಬೆಂಕಿಯನ್ ಹೆಸರಿನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ: ‘ಕಲುಸ್ಟ್’ ಎಂದು ಕೇಳಿಸುವುದನ್ನು ಬರೆಯುವುದು ಗಿಮ್‌ನಿಂದ, ಕುಲನಾಮದ ‘ಗ’ವನ್ನು ಬರೆಯುವುದು ಕೆನ್‌ನಿಂದ. ಯೆರೆವಾನಿನ ಉಚ್ಚಾರಕ್ಕೆ ಹೊಂದಿಸಿದ ಲಿಪ್ಯಂತರ ಕೋಷ್ಟಕಕ್ಕೆ ಈ ಪಶ್ಚಿಮದ ಬರವಣಿಗೆಯನ್ನು ಹಾಗೆಯೇ ಕೊಟ್ಟರೆ ‘ಗಲುಸ್ಟ್ ಕ್ಯುಲ್ಪೆನ್‌ಕ್ಯಾನ್’ ಎಂಬ, ಯಾರಿಗೂ ಸೇರದ ಮನುಷ್ಯನೊಬ್ಬ ಹುಟ್ಟಿಕೊಳ್ಳುತ್ತಾನೆ.

ಹೀಗಾಗಿ ನನ್ನ ಕಡತದಲ್ಲಿ ಅಕ್ಷರದ ಕಾಲಮ್ಮಿಗಿಂತ ಮೊದಲು ಊರಿನ ಕಾಲಮ್ ಬರುತ್ತದೆ. 1922ರಲ್ಲಿ ಸೋವಿಯತ್ ಅರ್ಮೇನಿಯಾದಲ್ಲಿ ಕಾಗುಣಿತ ಸುಧಾರಣೆಯಾದದ್ದರಿಂದ, ಹಳೆಯ ಕಾಗುಣಿತ ಕಂಡರೆ ಪಶ್ಚಿಮದವರೆಂದು ಊಹಿಸುವ ರೂಢಿ ನಮ್ಮಲ್ಲಿದೆ. ಇರಾನಿನ ಅರ್ಮೇನಿಯನ್ನರ ಮುಂದೆ ಆ ಊಹೆ ನಿಲ್ಲುವುದಿಲ್ಲ, ಏಕೆಂದರೆ ಅವರು ಹಳೆಯ ಕಾಗುಣಿತವನ್ನು ಉಳಿಸಿಕೊಂಡೂ ಪೂರ್ವದ ನುಡಿಯನ್ನೇ ಆಡುತ್ತಾರೆ. ಟೆಹ್ರಾನ್, ಇಸ್ಫಹಾನ್‌ಗಳ ಹೆಸರು ಬಂದರೆ ಕೆನ್‌ಗೆ ‘ಕ’ ಎಂದೇ ಬರೆಯುತ್ತೇನೆ. ಬಹುಪಾಲು ಇಸ್ಫಹಾನಿನ ನವ ಜುಲ್ಫಾದಿಂದ ಬಂದು, 1794ರಲ್ಲಿ ಮೊದಲ ಅರ್ಮೇನಿಯನ್ ನಿಯತಕಾಲಿಕ ‘ಅಜ್ದರಾರ್’ ಮದರಾಸಿನಲ್ಲಿ ಅಚ್ಚಾಗುವಂತೆ ಮಾಡಿದ ಸಮುದಾಯದ ಹೆಸರುಗಳಿಗೂ ಅದೇ ನಿಯಮವನ್ನು ಅನ್ವಯಿಸುತ್ತೇನೆ.