ಗ್ಯಾಸ್ ಒಲೆಗೆ ಅಂತ ಮಾಡಿದ ಮಡಕೆ

ಸೊಪ್ಪಿನ ಸಾರು ಮಣ್ಣಿನ ಮಡಕೆಯಲ್ಲೇ ಕುದಿಯಬೇಕು ಅಂತ ನಮ್ಮಮ್ಮನ ಹಟ. ಅಂಗಡಿಯಿಂದ ತಂದದ್ದು ಎರಡು ಸಲ ಸೀಳಿತು. ನಾನೇ ಮಾಡಿ ತರ್ತೀನಿ ಅಂತ ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರ ಕುಂಬಾರರ ಮನೆಗೆ ಹೋದೆ.

ತಿಗರಿಯ ಮೇಲೆ ಅಜ್ಜ ಮಾಡಿದ್ದು ಅರ್ಧ ಕೆಲಸ. ಉಳಿದದ್ದು ಅಜ್ಜಿಯದು. ಅರೆ ಒಣಗಿದ ಮಡಕೆಯ ಒಳಗೆ ನುಣುಪಾದ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಟಪ್ ಟಪ್ ಅಂತ ತಟ್ಟುತ್ತಾರೆ. ದಪ್ಪ ತಳ ತೆಳ್ಳಗಾಗುತ್ತಾ ಗುಂಡಗಾಗುತ್ತದೆ. ಅಡುಗೆ ಮಡಕೆಯ ಮಣ್ಣಿಗೆ ಮರಳನ್ನೂ ಬೆರೆಸುತ್ತಾರೆ, ಒಲೆಯ ಕಾವಿಗೆ ಸೀಳದಿರಲಿ ಅಂತ.

ನನಗೋ ಗ್ಯಾಸ್ ಒಲೆ ಮೇಲೆ ಅಲ್ಲಾಡದೆ ಕೂರುವ ಮಡಕೆ ಬೇಕು. ತಳ ಚಪ್ಪಟೆ ಮಾಡಿದೆ, ಗಟ್ಟಿಯಾಗಿರಲಿ ಅಂತ ದಪ್ಪಗೇ ಬಿಟ್ಟೆ.

"ಬ್ಯಾಡ ಕಣವ್ವ, ದಪ್ಪ ಇದ್ರೆ ಒಳಗಿನ ನೀರು ಆರಲ್ಲ" ಅಂದರು ಅಜ್ಜಿ. ಕೇಳಬೇಕಲ್ವಾ? ಕೇಳಲಿಲ್ಲ.

ವಾರ ಬಿಟ್ಟು ಮಡಕೆಗಳನ್ನು ಸುಡಲು ಆವಿಗೆಗೆ ಹಾಕುವ ದಿನ ಮತ್ತೆ ಹೋದೆ. ಕೆಳಗೆ ಕಟ್ಟಿಗೆ, ಕುಳ್ಳು. ಅದರ ಮೇಲೆ ಮಡಕೆ ಜೋಡಿಸಿ, ಹುಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರು. ಮೊದಲಿಗೆ ಬರೀ ಹೊಗೆ. ಬೆಂಕಿ ಜೋರು ಮಾಡುವ ಹಾಗಿಲ್ಲ, ಉಳಿದ ತೇವ ನಿಧಾನಕ್ಕೆ ಹೋಗಬೇಕು. ಕಣ್ಣುರಿ ತಡೆಯದೆ ಬೇವಿನ ಮರದ ಕೆಳಗೆ ಹೋಗಿ ಕೂತೆ. ಅಷ್ಟರಲ್ಲಿ ಒಳಗಿಂದ 'ಡಬ್' ಅಂತ ಸದ್ದು. ಅಜ್ಜಿ ನನ್ನ ಮುಖ ನೋಡಿ ನಕ್ಕರು. ತೇವ ಉಗಿಯಾಗಿ, ಹೊರಗೆ ದಾರಿ ಸಿಗದೆ ಒಡೆದುಕೊಂಡು ಬಂದಿತ್ತು.

ಮರುದಿನ ಬೂದಿ ಸರಿಸಿದರೆ ನನ್ನದು ಐದು ಚೂರು. ಪಕ್ಕದಲ್ಲಿದ್ದ ಅಜ್ಜಿಯ ಕುಡಿಕೆಯೊಂದರ ಕಂಠವನ್ನೂ ಹಾರಿಸಿತ್ತು! ದುಡ್ಡು ಕೊಡಲು ಹೋದರೆ ಬೈದರು.

ಬೋರಲಾಗಿ ಬಾಯಿ ಬೂದಿಯಲ್ಲಿ ಹೂತಿದ್ದ ಒಂದು ಮಡಕೆ ಮಾತ್ರ ಹೊರಗೆ ಕೆಂಪು, ಒಳಗೆ ಕಪ್ಪಾಗಿತ್ತು. ಗಾಳಿ ಆಡಿದ ಕಡೆ ಕೆಂಪು, ಆಡದ ಕಡೆ ಕಪ್ಪು, ಅಷ್ಟೇ. 1947ರಲ್ಲಿ ಪುರಾತತ್ವಜ್ಞ ವೀಲರ್ ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಬೃಹತ್ ಶಿಲಾಯುಗದ ಇಂಥದ್ದೇ ಕಪ್ಪು-ಕೆಂಪು ಮಡಕೆಗಳು ಸಿಕ್ಕಿದ್ದವು. ಅಜ್ಜಿಗೆ ಹೇಳಿದೆ. "ಅವರೂ ಬೋರಲು ಇಟ್ಟಿರ್ತಾರೆ ಬಿಡು" ಅಂದರು.

ಆ ಮಡಕೆಯನ್ನೇ ನನ್ನ ಕೈಗಿಟ್ಟರು. ರಾತ್ರಿಯಿಡೀ ನೀರಲ್ಲಿ ನೆನೆಸು, ಆಮೇಲೆ ಗಂಜಿ ಕುದಿಸು, ಸಣ್ಣ ತೂತೆಲ್ಲ ಮುಚ್ಕೋತವೆ ಅಂತ ಎರಡೆರಡು ಸಲ ಹೇಳಿದರು. ಈ ಸಲ ತಲೆಯಾಡಿಸಿದೆ.

ಹೊರಡುವಾಗ ನೋಡಿದರೆ ಅಜ್ಜಿಯ ಮೊಮ್ಮಗಳು ನನ್ನ ಮಡಕೆಯ ತಳದ ಬೋಕಿ ಆರಿಸಿಕೊಂಡು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಚಪ್ಪಟೆಯಾಗಿತ್ತಲ್ಲ, ಎಸೆದ ಕಡೆ ಅಲ್ಲಾಡದೆ ಕೂರುತ್ತಿತ್ತು.